ಕಲ್ಲು ನೋಡಬೇಕೊ, ಮಾಲಕರನ್ನೊ?

ಕಲಬುರಗಿ ಜಿಲ್ಲೆಯ ಸೇಡಂನ ವಾಸವದತ್ತಾ ಸಿಮೆಂಟ್ ಕಾರ್ಖಾನೆ 2025ರ ಮಾರ್ಚ್ 1ರಿಂದ ಅಲ್ಟ್ರಾಟೆಕ್ ಕಂಪನಿಯದು. ಅಲ್ಲಿಯವರೆಗೆ ಕೋಲ್ಕತ್ತದ ಕೇಸೊರಾಮ್ ಇಂಡಸ್ಟ್ರೀಸ್‌ನದು. ಕೇಸೊರಾಮ್‌ನ 52 ಷೇರು ಇಟ್ಟುಕೊಂಡಿದ್ದವರಿಗೆ ಅಲ್ಟ್ರಾಟೆಕ್‌ನ 1 ಷೇರು ಎಂಬುದು ಒಪ್ಪಂದ. ಗಣಿ ಅದೇ, ಕಲ್ಲು ಸುಡುವ ಕಿಲ್ನ್ ಅದೇ, ಗೇಟಿನ ಮುಂದೆ ಸಾಲು ನಿಲ್ಲುವ ಲಾರಿಗಳೂ ಅವೇ. ಕಾಗದದ ಮೇಲೆ ಮಾಲಕರು ಬದಲಾದರೆಂದು ಕಾರ್ಖಾನೆಯ ಬೆಲೆ ಬದಲಾಗುತ್ತದೆಯೆ? ಖಂಡಿತ ಬದಲಾಗುತ್ತದೆ ಎನ್ನುವವರಿದ್ದಾರೆ. ಬೆಲೆ ಮೊದಲಿಂದಲೂ ಅಲ್ಲೇ ಇತ್ತು, ಪೇಟೆಯವರ ಕಣ್ಣಿಗೆ ಬೀಳಲಿಲ್ಲ ಅಷ್ಟೆ ಎನ್ನುವವರೂ ಇದ್ದಾರೆ. ಷೇರಿಗೆ ದುಡ್ಡು ಹಾಕುವಾಗ ಕಂಪನಿ ನಡೆಸುವವರನ್ನು ನೋಡಬೇಕೊ, ಕಂಪನಿಯ ಹತ್ತಿರ ಇರುವುದನ್ನು ಎಣಿಸಬೇಕೊ ಎಂಬ ಹಳೆಯ ಜಗಳ ಇದು.

ಈ ಜಗಳ ಆಡಲು ಮುಂಬೈಯ ದಲಾಲ್ ಸ್ಟ್ರೀಟಿಗಿಂತ ಸೇಡಂ ತಾಲ್ಲೂಕಿನ ಮಳಖೇಡ ಒಳ್ಳೆಯ ಜಾಗ. ಇಲ್ಲಿ ಕಲ್ಲು ಒಂದೇ, ಮಾಲಕರು ಬೇರೆ ಬೇರೆ. ಕಾಗಿಣಾ ನದಿಯ ಆಸುಪಾಸು ನೆಲದಡಿ ಹಾಸಿರುವುದು ಭೀಮಾ ಶ್ರೇಣಿಯ ಸುಣ್ಣಕಲ್ಲು. ಮನೆಯಂಗಳಕ್ಕೆ ಹಾಸುವ ಶಹಾಬಾದ್ ಫರ್ಸಿಯೂ ಅದೇ ಶ್ರೇಣಿಯದು. ಮಳಖೇಡದ ಆದಿತ್ಯನಗರದಲ್ಲಿ 1980ರ ದಶಕದಲ್ಲಿ ರಾಜಶ್ರೀ ಸಿಮೆಂಟ್ ಎಂದು ಶುರುವಾದದ್ದೇ ಈಗಿನ ಅಲ್ಟ್ರಾಟೆಕ್ ಘಟಕ. ವಾಡಿಯಲ್ಲಿ 1968ರಿಂದ ಎಸಿಸಿ. ಸೇಡಂನಲ್ಲಿ ವಾಸವದತ್ತಾ, ಅದೇ ತಾಲ್ಲೂಕಿನ ಕೋಡ್ಲಾದಲ್ಲಿ ಶ್ರೀ ಸಿಮೆಂಟ್. ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್. ಚಿಂಚೋಳಿ ಕಡೆ ಹೋದರೆ ಫ್ರಾನ್ಸಿನ ವಿಕಾ ಗುಂಪಿಗೆ ಸೇರಿದ ಕಲಬುರಗಿ ಸಿಮೆಂಟ್, ತಮಿಳುನಾಡಿನ ಚೆಟ್ಟಿನಾಡ್. ಎಲ್ಲರಿಗೂ ಅದೇ ಬಿಸಿಲು, ಅದೇ ಊರುಗಳ ಕೂಲಿಯಾಳು, ಹೆಚ್ಚುಕಡಿಮೆ ಅದೇ ಮಾರುಕಟ್ಟೆ. ಮೇಲೆ ಕೂತು ತೀರ್ಮಾನ ಮಾಡುವವರು ಮಾತ್ರ ಬೇರೆ. ನಾಯಕತ್ವ ಎಂಬುದು ನಿಜಕ್ಕೂ ಎಷ್ಟು ತೂಗುತ್ತದೆ ಎಂದು ನೋಡಲು ಇಂಥ ಅನುಕೂಲದ ಸೀಮೆ ದೇಶದಲ್ಲಿ ಹೆಚ್ಚಿಲ್ಲ.

ಸೇಡಂನ ಚಹಾದಂಗಡಿಗಳಲ್ಲಿ ಈಗ ತೊಗರಿ ದರದ ಜೊತೆಗೆ ಷೇರಿನ ಮಾತೂ ನಡೆಯುತ್ತದೆ. ದೇಶದಲ್ಲಿ ಡಿಮ್ಯಾಟ್ ಖಾತೆಗಳು 2022ರಲ್ಲೇ 10 ಕೋಟಿ ದಾಟಿದವು, ಸೇಡಂ ಅದರಿಂದ ಹೊರಗೇನಿಲ್ಲ. ಲಾರಿ ಇಟ್ಟುಕೊಂಡಿರುವ ಹಿರಿಯರೊಬ್ಬರು ಮೊಬೈಲಿನಲ್ಲಿ ಷೇರು ದರ ನೋಡುತ್ತಿದ್ದ ಹುಡುಗನಿಗೆ ಹೇಳುತ್ತಿದ್ದರು: “ತಮ್ಮಾ, ಮಾಲಕ್ರು ಬರ್ತಾರ, ಹೋಗ್ತಾರ. ಕಲ್ಲು ಎಲ್ಲಿಗಿ ಹೋಗ್ತದ? ಕಲ್ಲು ನೋಡಿ ರೊಕ್ಕಾ ಹಾಕು.” ಹುಡುಗ ಮೊಬೈಲಿನಿಂದ ತಲೆ ಎತ್ತದೆ ಕೇಳಿದ: “ಕಾಕಾ, ಕುರಕುಂಟಾದಾಗ ಕಲ್ಲಿಲ್ಲೇನ್ರಿ?” ಕಾಕಾ ಮಾತು ತೊಗರಿಗೆ ತಿರುಗಿಸಿದರು.

ಕುರಕುಂಟಾಕ್ಕೆ ಆಮೇಲೆ ಬರೋಣ. ಮೊದಲು ಕಾಕಾನ ಪರವಾಗಿ ಮಾತಾಡುವುದು ನ್ಯಾಯ, ಯಾಕೆಂದರೆ ಅವರ ವಾದ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಗಟ್ಟಿ. ಅರೆದರೆ ಸಿಮೆಂಟಾಗುವ ಕ್ಲಿಂಕರ್ ಒಂದು ಟನ್ ಮಾಡಲು ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಅಷ್ಟು ಕಲ್ಲನ್ನು ದೂರದಿಂದ ಹೊತ್ತು ತಂದರೆ ಸಾಗಣೆ ಖರ್ಚೇ ಲಾಭ ನುಂಗುತ್ತದೆ, ಹಾಗಾಗಿ ಕಾರ್ಖಾನೆಯೇ ಕಲ್ಲಿನ ಹತ್ತಿರ ಬಂದು ಕೂರಬೇಕು. ಒಳ್ಳೆಯ ಕಲ್ಲಿನ ಪಕ್ಕ, ರೈಲಿನ ಪಕ್ಕ, ಅನುಮತಿಗಳೆಲ್ಲ ಕೈಯಲ್ಲಿರುವ ಕಾರ್ಖಾನೆಗೆ ಬದಲಿ ಎಂಬುದು ಸುಲಭಕ್ಕೆ ಸಿಗುವುದಿಲ್ಲ. ಹೊಸದಾಗಿ ಕಟ್ಟುವವರು ಜಮೀನು ಕೊಳ್ಳಬೇಕು, ಗಣಿ ಹರಾಜಿನಲ್ಲಿ ಗೆಲ್ಲಬೇಕು, ಪರಿಸರ ಅನುಮತಿಗೆ ಸಾರ್ವಜನಿಕ ವಿಚಾರಣೆ ಎದುರಿಸಬೇಕು. ಇಷ್ಟಕ್ಕೆ ವರ್ಷಗಳು ಹೋಗುತ್ತವೆ. ಅದಕ್ಕೇ ಸಿಮೆಂಟ್ ಕಂಪನಿಯನ್ನು ತೂಗುವವರು ಲಾಭದ ಲೆಕ್ಕದ ಜೊತೆಗೆ ಇನ್ನೊಂದು ಒರಟು ಲೆಕ್ಕವನ್ನೂ ಹಾಕುತ್ತಾರೆ: ಸಾಲವೂ ಸೇರಿ ಇಡೀ ಕಂಪನಿಯ ಬೆಲೆ ಎಷ್ಟು, ವರ್ಷಕ್ಕೆ ಎಷ್ಟು ಟನ್ ಮಾಡಬಲ್ಲದು, ಟನ್ನಿಗೆ ಎಷ್ಟು ಬಿತ್ತು.

2023ರ ನವೆಂಬರ್ 30ರಂದು ಅಲ್ಟ್ರಾಟೆಕ್ ಕೇಸೊರಾಮ್‌ನ ಸಿಮೆಂಟ್ ವ್ಯವಹಾರಕ್ಕೆ ಕಟ್ಟಿದ ಬೆಲೆ ಸಾಲ ಸೇರಿ ಸುಮಾರು 7,600 ಕೋಟಿ ರೂಪಾಯಿ. ಸೇಡಂ ಮತ್ತು ತೆಲಂಗಾಣದ ಬಸಂತನಗರ ಎರಡೂ ಕಾರ್ಖಾನೆ ಸೇರಿ ವರ್ಷಕ್ಕೆ 1 ಕೋಟಿ 7.5 ಲಕ್ಷ ಟನ್. ಟನ್ನಿಗೆ 7,000 ರೂಪಾಯಿಗೆ ತುಸು ಮೇಲೆ. ಮುಂದಿನ ವರ್ಷ ಅಕ್ಟೋಬರಿನಲ್ಲಿ ಅದಾನಿ ಗುಂಪಿನ ಅಂಬುಜಾ ಕಂಪನಿ ಓರಿಯಂಟ್ ಸಿಮೆಂಟಿನ ಶೇ 46.8ರಷ್ಟು ಷೇರನ್ನು ತಲಾ 395 ರೂಪಾಯಿ 40 ಪೈಸೆಗೆ ಕೊಳ್ಳುವುದಾಗಿ ಹೇಳಿತು. ಆ ಲೆಕ್ಕದಲ್ಲಿ ಇಡೀ ಕಂಪನಿಗೆ ಸುಮಾರು 8,100 ಕೋಟಿ. ಓರಿಯಂಟ್‌ನ ಸಾಮರ್ಥ್ಯ 85 ಲಕ್ಷ ಟನ್. ಟನ್ನಿಗೆ 9,500ರ ಸುಮಾರು. ಹಾಗಾದರೆ ಇಟಗಾದ ಕಲ್ಲು ಸೇಡಂನ ಕಲ್ಲಿಗಿಂತ ಮೇಲೇ? ಅಲ್ಲ. ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ ಕಾಕಾನ ಕಲ್ಲಿನಿಂದ ಹುಡುಗನ ಮಾಲಕರ ಕಡೆಗೆ ತಾನಾಗಿಯೇ ಬರುತ್ತೇವೆ. ಕೇಸೊರಾಮ್ ತಲೆಯ ಮೇಲೆ ದುಬಾರಿ ಸಾಲ ಹೊತ್ತಿತ್ತು, ಓರಿಯಂಟ್ ಬಹುಪಾಲು ಸಾಲ ತೀರಿಸಿಕೊಂಡಿತ್ತು. ಸಾಲ ಹೊತ್ತವನ ಆಸ್ತಿ ಮಾರಾಟಕ್ಕೆ ಬಂದಾಗ ಕೊಳ್ಳುವವನ ದನಿ ಜೋರಾಗುತ್ತದೆ.

ಅಂದ ಹಾಗೆ, ಮೂರೂ ಕಡೆ ಅಡ್ಡಹೆಸರು ಬಿರ್ಲಾ. ಮಳಖೇಡದ ಅಲ್ಟ್ರಾಟೆಕ್ ಕುಮಾರ ಮಂಗಳಂ ಬಿರ್ಲಾ ಅವರದು. ಕೇಸೊರಾಮ್ ಅವರ ಅಜ್ಜ ಬಿ.ಕೆ. ಬಿರ್ಲಾ ಅವರದು, 2019ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮಂಜುಶ್ರೀ ಖೈತಾನ್ ನಡೆಸಿದರು. ಓರಿಯಂಟ್ ಅಂಬುಜಾಕ್ಕೆ ಹೋಗುವವರೆಗೆ ಸಿ.ಕೆ. ಬಿರ್ಲಾ ಗುಂಪಿನದಾಗಿತ್ತು. ಸೇಡಂನ ಕಾರ್ಖಾನೆ ಸೋದರತ್ತೆಯ ಕಂಪನಿಯಿಂದ ಸೋದರಳಿಯನ ಕಂಪನಿಗೆ ಹೋಯಿತು. “ಒಳ್ಳೆಯ ಮನೆತನದ ಕಂಪನಿ, ಕಣ್ಣುಮುಚ್ಚಿ ಕೊಳ್ಳಬಹುದು” ಎಂಬ ಸಲಹೆ ಎಷ್ಟು ಪೊಳ್ಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೇಸೊರಾಮ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1919ರಲ್ಲಿ ಹತ್ತಿ ಗಿರಣಿಯಾಗಿ ಹುಟ್ಟಿದ ಕಂಪನಿ, ಕಾಲಕ್ರಮದಲ್ಲಿ ರೇಯಾನ್, ಸಿಮೆಂಟ್, ಟೈರ್ ಎಂದು ಬೆಳೆಯಿತು. ಸಿಮೆಂಟ್ ಒಳ್ಳೆಯ ದುಡಿಮೆ ಕೊಡುತ್ತಿತ್ತು. ಆ ದುಡಿಮೆ ಮತ್ತು ಅದರ ಬಲದ ಮೇಲೆ ಎತ್ತಿದ ಸಾಲ ಟೈರಿಗೆ ಹೋಯಿತು. ಒಡಿಶಾದ ಬಾಲೇಶ್ವರದ ಕಾರ್ಖಾನೆ ಸಾಲದೆಂದು ಉತ್ತರಾಖಂಡದಲ್ಲಿ ದೊಡ್ಡದೊಂದು ಎದ್ದಿತು. ಆ ಕಾಲದಲ್ಲಿ ದೇಶದಲ್ಲಿ ವಾಹನಗಳು ಹೆಚ್ಚುತ್ತಿದ್ದವು, ಟೈರಿಗೆ ಭವಿಷ್ಯವಿದೆ ಎಂದುಕೊಂಡದ್ದು ಹುಚ್ಚುತನವೇನಲ್ಲ; ಈ ಮಾತನ್ನು ಅವರ ಪರವಾಗಿ ಹೇಳಲೇಬೇಕು. ಆದರೆ ಟೈರ್ ನಷ್ಟ ಮಾಡುತ್ತ ಹೋಯಿತು, ಸಾಲ ಬೆಳೆಯಿತು. 2016ರಲ್ಲಿ ಉತ್ತರಾಖಂಡದ ಕಾರ್ಖಾನೆಯನ್ನು ಜೆಕೆ ಟೈರ್‌ಗೆ ಸುಮಾರು 2,195 ಕೋಟಿಗೆ ಮಾರಿದರು. ಉಳಿದ ಟೈರ್ ವ್ಯವಹಾರವನ್ನು 2019ರಲ್ಲಿ ಬಿರ್ಲಾ ಟೈರ್ಸ್ ಎಂದು ಬೇರೆ ಮಾಡಿದರು. ಅದು 2022ರಲ್ಲಿ ದಿವಾಳಿ ಸಂಹಿತೆಯಡಿ ನ್ಯಾಯಮಂಡಳಿಯ ಮೆಟ್ಟಿಲೇರಿತು. ಇಷ್ಟೆಲ್ಲ ಆಗುವಾಗಲೂ ಸೇಡಂನಲ್ಲಿ ಸಿಮೆಂಟ್ ಚೀಲ ತುಂಬುತ್ತಲೇ ಇತ್ತು. ಕಾರ್ಖಾನೆ ನಡೆಸುವವರಿಗೆ ತಮ್ಮ ಕೆಲಸ ಗೊತ್ತಿತ್ತು. ಕಾರ್ಖಾನೆ ದುಡಿದ ದುಡ್ಡು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಕುರ್ಚಿ ಸೇಡಂನಲ್ಲಿರಲಿಲ್ಲ.

ಇದು ಯಾರ ಪರ ಸಾಕ್ಷಿ? ಇಬ್ಬರೂ ತಮ್ಮದೆನ್ನುತ್ತಾರೆ. ಹೊಲ ಎಷ್ಟೇ ಎರೆಯಾದರೂ ಒಕ್ಕಲು ಸರಿಯಿಲ್ಲದಿದ್ದರೆ ರಾಶಿ ಮನೆಗೆ ಬರುವುದಿಲ್ಲ ಎಂದು ಹುಡುಗನ ಪಕ್ಷದವರು ಹೇಳಬಹುದು. 2007ರ ಏರುಪೇಟೆಯಲ್ಲಿ ಕೇಸೊರಾಮ್ ಷೇರನ್ನು ನೂರಾರು ರೂಪಾಯಿಗೆ ಕೊಂಡವರನ್ನು ಕೇಳಿನೋಡಿ ಎನ್ನಬಹುದು. ಕಾಕಾನ ಪಕ್ಷದವರು ಇನ್ನೊಂದು ತುದಿ ಹಿಡಿಯುತ್ತಾರೆ: 2020ರ ಕೋವಿಡ್ ಕುಸಿತದ ನಂತರವೂ ಬಹಳ ಕಾಲ ಆ ಷೇರು ಎರಡಂಕಿಯಲ್ಲೇ ಇತ್ತು. ಒಪ್ಪಂದ ಹೊರಬಿದ್ದ ದಿನ ಅಲ್ಟ್ರಾಟೆಕ್ ಷೇರು 9,000 ರೂಪಾಯಿಯ ಆಸುಪಾಸು; 52ರಿಂದ ಭಾಗಿಸಿದರೆ ಕೇಸೊರಾಮ್‌ನ ಒಂದೊಂದು ಷೇರಿಗೆ 170ರ ಮೇಲೆ. ಆಡಳಿತ ಕೆಟ್ಟಿದೆ ಎಂದು ಎಲ್ಲರೂ ಮೂಗು ಮುರಿದಾಗ ಕಲ್ಲು ನೋಡಿ ಕೊಂಡವರಿಗೆ ಚೆನ್ನಾಗಿಯೇ ಸಿಕ್ಕಿತು. ಒಂದೇ ಕಂಪನಿ, ಒಂದೇ ನಾಯಕತ್ವ. ಕೊಂಡ ಬೆಲೆಯೇ ಒಬ್ಬರನ್ನು ಮುಳುಗಿಸಿತು, ಇನ್ನೊಬ್ಬರನ್ನು ದಡ ಸೇರಿಸಿತು.

ಆದರೂ ಕಾಕಾನ ಗೆಲುವಿನಲ್ಲಿ ಒಂದು ಕೊಕ್ಕೆ ಇದೆ. ಕಲ್ಲಿನ ಬೆಲೆ ಹೊರಬರಲು ಮಾಲಕರು ಬದಲಾಗಬೇಕಾಯಿತು. ಅದು ಯಾವಾಗ ಆಗುತ್ತದೆ, ಆಗುತ್ತದೆಯೋ ಇಲ್ಲವೋ, ಚಿಲ್ಲರೆ ಷೇರುದಾರನಿಗೆ ತಿಳಿಯುವ ದಾರಿಯಿಲ್ಲ. ಇವತ್ತು ನೂರು ರೂಪಾಯಿಯ ಆಸ್ತಿ ಐವತ್ತಕ್ಕೆ ಸಿಕ್ಕಿತೆಂದು ಖುಷಿಪಟ್ಟು ಕೊಂಡು, ಅದು ನೂರಾಗಲು ಹನ್ನೆರಡು ವರ್ಷ ಹಿಡಿದರೆ ಬಂದದ್ದು ವರ್ಷಕ್ಕೆ ಶೇ 6. ಸೇಡಂನ ಅಂಚೆ ಕಚೇರಿಯಲ್ಲಿ ಹೆಚ್ಚುಕಡಿಮೆ ಅಷ್ಟು ನಿದ್ದೆ ಕೆಡದೆಯೇ ಬರುತ್ತದೆ. ಕೆಟ್ಟ ಆಡಳಿತದ ಖರ್ಚು ಲೆಕ್ಕಪತ್ರದ ಯಾವ ಸಾಲಿನಲ್ಲೂ ಬರೆದಿರುವುದಿಲ್ಲ, ಅದು ಕಾಯಬೇಕಾದ ವರ್ಷಗಳಲ್ಲಿ ಅಡಗಿರುತ್ತದೆ.

ಈಗ ಕುರಕುಂಟಾ. ಸೇಡಂ ತಾಲ್ಲೂಕಿನ ಈ ಊರಿನಲ್ಲಿ ಕೇಂದ್ರ ಸರಕಾರದ ಸಿಮೆಂಟ್ ಕಾರ್ಪೊರೇಷನ್, ಅಂದರೆ ಊರವರ ಬಾಯಲ್ಲಿ ಸಿಸಿಐ, 1970ರ ದಶಕದ ಆರಂಭದಲ್ಲಿ ಕಾರ್ಖಾನೆ ತೆರೆಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ನಿನ ಸಣ್ಣ ಘಟಕ. ಸುತ್ತಲಿನ ಖಾಸಗಿ ಕಾರ್ಖಾನೆಗಳು ಕಿಲ್ನ್ ದೊಡ್ಡದು ಮಾಡುತ್ತ, ಕಲ್ಲಿದ್ದಲು ಉಳಿಸುತ್ತ, ಸ್ವಂತ ವಿದ್ಯುತ್ ಮಾಡಿಕೊಳ್ಳುತ್ತ ಹೋದವು. ಕುರಕುಂಟಾಕ್ಕೆ ಹೊಸ ಬಂಡವಾಳ ಬರಲಿಲ್ಲ. ನಿಗಮ 1996ರಲ್ಲಿ ರೋಗಗ್ರಸ್ತ ಉದ್ಯಮಗಳ ಮಂಡಳಿಗೆ ಹೋಯಿತು, 1990ರ ದಶಕ ಮುಗಿಯುವ ಮೊದಲೇ ಕುರಕುಂಟಾದ ಕಿಲ್ನ್ ನಿಂತಿತು. 2006ರಲ್ಲಿ ನಿಗಮಕ್ಕೆ ಮರುಜೀವ ಕೊಡುವ ಯೋಜನೆ ಮಂಜೂರಾದಾಗ ಉಳಿಸಿಕೊಳ್ಳಲು ಆರಿಸಿದ್ದು ಬೊಕಾಜಾನ್, ರಾಜಬನ್, ತಾಂಡೂರು. ಕುರಕುಂಟಾ ಮುಚ್ಚುವ ಘಟಕಗಳ ಪಟ್ಟಿಯಲ್ಲಿತ್ತು. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯದೂ ಇನ್ನೊಂದು ರೀತಿಯಲ್ಲಿ ಇದೇ ಗತಿ: ಕೈ ಬದಲಾಯಿತು, ನಿಂತಿತು. ಎರಡೂ ಕಡೆ ನೆಲದಡಿಯ ಕಲ್ಲಿಗೆ ಏನೂ ಆಗಿಲ್ಲ. ಮಾರುಕಟ್ಟೆಯಲ್ಲಿ ಕುರಕುಂಟಾದ ಷೇರು ಇರಲಿಲ್ಲ, ಆದ್ದರಿಂದ ಯಾರ ಡಿಮ್ಯಾಟ್ ಖಾತೆಗೂ ಪೆಟ್ಟು ಬೀಳಲಿಲ್ಲ. ಪೆಟ್ಟು ಬಿದ್ದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದ ಮನೆಗಳಿಗೆ. ಕಲ್ಲು ಇದ್ದರೆ ಸಾಕು ಎಂಬ ವಾದಕ್ಕೆ ಇದಕ್ಕಿಂತ ನೇರ ಉತ್ತರವಿಲ್ಲ, ಹುಡುಗನಿಗೆ ಅದು ಗೊತ್ತಿತ್ತು.

ಹಾಗೆಂದು ಹುಡುಗನ ಕಡೆಗೆ ಪೂರ್ತಿ ವಾಲುವಂತಿಲ್ಲ. ಕೋಡ್ಲಾದಲ್ಲಿ ಕಾರ್ಖಾನೆ ಇಟ್ಟಿರುವ ರಾಜಸ್ಥಾನ ಮೂಲದ ಶ್ರೀ ಸಿಮೆಂಟನ್ನು ನೋಡಿ. ಬಾಂಗಡ್ ಮನೆತನದ ಈ ಕಂಪನಿ ಕಡಿಮೆ ಖರ್ಚಿನಲ್ಲಿ ಸಿಮೆಂಟ್ ಮಾಡುವುದಕ್ಕೆ, ಕಿಲ್ನಿನ ಬಿಸಿಗಾಳಿಯಿಂದಲೂ ವಿದ್ಯುತ್ ತೆಗೆಯುವುದಕ್ಕೆ ಹೆಸರಾದದ್ದು. ಆಡಳಿತದ ಗುಣಕ್ಕೆ ಪೇಟೆ ಧಾರಾಳವಾಗಿ ಅಂಕ ಕೊಟ್ಟಿತು. 2021ರಲ್ಲಿ ಷೇರು 30 ಸಾವಿರ ರೂಪಾಯಿ ದಾಟಿತು, ಅಂದರೆ ವರ್ಷದ ಲಾಭದ ನಲವತ್ತು ಪಟ್ಟಿಗೂ ಹೆಚ್ಚು. ಮರುವರ್ಷ 20 ಸಾವಿರದ ಕೆಳಗಿಳಿಯಿತು. 2025ರಲ್ಲೂ ಮತ್ತೆ ಆ 30 ಸಾವಿರದ ಸುತ್ತಲೇ ತಿರುಗುತ್ತಿತ್ತು. ನಾಲ್ಕು ವರ್ಷದಲ್ಲಿ ಆಡಳಿತವೇನೂ ಕೆಟ್ಟಿರಲಿಲ್ಲ. ಸರಿಯಾದ ಜನರನ್ನೇ ಆರಿಸಿದ ಷೇರುದಾರ ನಾಲ್ಕು ವರ್ಷ ಬರಿಗೈಯಲ್ಲಿ ಕಾದ.

ಬೆಂಜಮಿನ್ ಗ್ರಹಾಂ 1934ರಲ್ಲೇ ಡೇವಿಡ್ ಡಾಡ್ ಜೊತೆ ಹೂಡಿಕೆ ಕುರಿತು ಬರೆದ ಪುಸ್ತಕದಲ್ಲಿ ಈ ತಪ್ಪನ್ನು ಗುರುತಿಸಿದ್ದ. ಒಳ್ಳೆಯ ಆಡಳಿತ ಇದ್ದರೆ ಅದರ ಫಲ ಲಾಭದಲ್ಲಿ ಈಗಾಗಲೇ ಕಾಣುತ್ತಿರುತ್ತದೆ. ಆ ಲಾಭಕ್ಕೆ ಬೆಲೆ ಕಟ್ಟಿ, ಅದರ ಮೇಲೆ ‘ಆಡಳಿತ ಒಳ್ಳೆಯದು’ ಎಂದು ಇನ್ನಷ್ಟು ಸೇರಿಸಿದರೆ ಒಂದೇ ಗುಣಕ್ಕೆ ಎರಡು ಸಲ ದುಡ್ಡು ತೆತ್ತಂತೆ. ನನಗೆ ಈ ವಾದದಲ್ಲಿ ಈಗಲೂ ದೋಷ ಕಾಣುವುದಿಲ್ಲ. ಎದುರು ಪಕ್ಷದ ದೊಡ್ಡ ಹೆಸರು ಫಿಲಿಪ್ ಫಿಷರ್. ಅವನು 1958ರ ತನ್ನ ಪುಸ್ತಕದಲ್ಲಿ ಹೇಳಿದ್ದು: ಲೆಕ್ಕಪತ್ರ ಕಳೆದುಹೋದ ಕಾಲದ ಕಥೆ, ಮುಂದಿನದು ತಿಳಿಯಬೇಕಾದರೆ ಕಂಪನಿಯ ನೌಕರರನ್ನು, ಸರಕು ಪೂರೈಸುವವರನ್ನು, ಗಿರಾಕಿಗಳನ್ನು, ಎದುರಾಳಿಗಳನ್ನು ಮಾತಾಡಿಸಿ ನಡೆಸುವವರ ಗುಣ ಅಳೆಯಬೇಕು.

ಫಿಷರನ ದಾರಿ ಹಿಡಿಯಲು ಮಳಖೇಡ, ಸೇಡಂ, ವಾಡಿಯವರಿಗಿಂತ ಅನುಕೂಲ ಯಾರಿಗಿದೆ? ಮುಂಬೈಯ ವಿಶ್ಲೇಷಕ ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ಕೇಳುವುದನ್ನು ಇಲ್ಲಿನವರು ದಿನಾ ಕಾಣುತ್ತಾರೆ. ಒಳಗೆ ಹೋದ ಖಾಲಿ ಲಾರಿ ತುಂಬಿ ಬರಲು ಎಷ್ಟು ಹೊತ್ತು ಹಿಡಿಯಿತು, ಕಂತ್ರಾಟದಾರರ ಬಿಲ್ಲು ಒಂದು ತಿಂಗಳಿಗೆ ಪಾಸಾಗುತ್ತದೋ ಮೂರು ತಿಂಗಳಿಗೋ, ದುರಸ್ತಿಗೆ ಕಿಲ್ನ್ ನಿಲ್ಲಿಸಿದವರು ಹೇಳಿದ ದಿನಕ್ಕೆ ಶುರು ಮಾಡಿದರೋ ಇಲ್ಲವೋ. ಬಿಲ್ಲು ತಡವಾಗುವುದು ಕಂಪನಿಯ ಕೈ ಬಿಗಿಯಾಗಿರುವುದರ ಮೊದಲ ಗುರುತು. ವಾರ್ಷಿಕ ವರದಿಯಲ್ಲಿ ಅದು ಕಾಣುವ ಹೊತ್ತಿಗೆ ಕಂತ್ರಾಟದಾರನ ಹೆಂಡತಿಯ ಬಂಗಾರ ಅಡವಿಗೆ ಹೋಗಿರುತ್ತದೆ.

ಆದರೆ ಗೇಟಿನಿಂದ ಕಾಣುವುದಕ್ಕೂ ಒಂದು ಮಿತಿ ಇದೆ. ಗೇಟಿನಲ್ಲಿ ಕಾಣುವುದು ಘಟಕದ ಮುಖ್ಯಸ್ಥರು. ಕೇಸೊರಾಮ್‌ನ ದುಡ್ಡು ಟೈರಿಗೆ ಹೋಗುತ್ತಿದ್ದದ್ದು ಸೇಡಂನ ಗೇಟಿನಿಂದ ಹೇಗೆ ಕಾಣಬೇಕು? ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಊರಿಗೆ ಒಳ್ಳೆಯ ಮಾಲಕ ಅಂದರೆ ಸ್ಥಳೀಯರಿಗೆ ಕೆಲಸ ಕೊಡುವವ, ಧೂಳು ತಡೆಯುವವ, ಜಮೀನು ಕೊಟ್ಟವರ ಪರಿಹಾರ ಬಾಕಿ ಇಡದವ. ಷೇರು ಪೇಟೆಗೆ ಒಳ್ಳೆಯ ಮಾಲಕ ಅಂದರೆ ಟನ್ನಿಗೆ ಖರ್ಚು ಇಳಿಸುವವ. ಕೆಲವೊಮ್ಮೆ ಖರ್ಚು ಇಳಿಯುವುದೇ ಕಾಯಂ ನೌಕರಿ ಕಡಿಮೆ ಮಾಡಿ ಕಂತ್ರಾಟಿನವರನ್ನು ತಂದಾಗ. ಡಿಮ್ಯಾಟ್ ಖಾತೆ ತೆರೆದ ಕಾರ್ಮಿಕನ ಮಗ ಈ ಇಬ್ಬರು ಮಾಲಕರ ನಡುವೆ ಸಿಕ್ಕಿಕೊಳ್ಳುತ್ತಾನೆ, ಯಾರನ್ನು ಮೆಚ್ಚಬೇಕೆಂದು ನಾನು ಅವನಿಗೆ ಹೇಳಲಾರೆ.

ವಾಡಿಯ ಎಸಿಸಿ ಇನ್ನೊಂದು ಪಾಠ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಆದ ಎಸಿಸಿಯಲ್ಲಿ ಟಾಟಾದವರ ಪಾಲಿತ್ತು. 1999-2000ರಲ್ಲಿ ಆ ಪಾಲು ಗುಜರಾತ್ ಅಂಬುಜಾಕ್ಕೆ ಹೋಯಿತು, 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಬಂತು, 2022ರ ಸೆಪ್ಟೆಂಬರಿನಲ್ಲಿ ಅದಾನಿ ಗುಂಪು. ಮಾಲಕರು ಇಷ್ಟು ಸಲ ಬದಲಾದರೂ ವಾಡಿಯ ಕಾರ್ಖಾನೆ ಬೆಳೆಯುತ್ತಲೇ ಹೋಯಿತು. ಕಾಕಾ ಇದ್ದಿದ್ದರೆ ಮೇಜು ಕುಟ್ಟುತ್ತಿದ್ದರು. ಆದರೆ ಷೇರಿನ ಬೆಲೆ ಬೇರೆ ಕಥೆ ಹೇಳುತ್ತದೆ. ಅದಾನಿ ಗುಂಪು ಎಸಿಸಿಯ ಸಾರ್ವಜನಿಕ ಷೇರುದಾರರಿಗೆ ಮುಕ್ತ ಕೊಡುಗೆಯಲ್ಲಿ ಹೇಳಿದ ದರ 2,300 ರೂಪಾಯಿ. 2023ರ ಜನವರಿ 24ರಂದು ಅಮೆರಿಕದ ಹಿಂಡನ್‌ಬರ್ಗ್ ಸಂಸ್ಥೆ ಆ ಗುಂಪಿನ ಮೇಲೆ ಆರೋಪಗಳ ವರದಿ ತಂದಿತು. ಗುಂಪು ಅವನ್ನು ಅಲ್ಲಗಳೆಯಿತು. ಆರೋಪಗಳಿಗೂ ವಾಡಿಯ ಸುಣ್ಣಕಲ್ಲಿಗೂ ಏನೂ ಸಂಬಂಧವಿರಲಿಲ್ಲ, ಎಸಿಸಿ ಷೇರು ಮಾತ್ರ ದಡದಡ ಇಳಿಯಿತು. 2025ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತನ್ನ ಆದೇಶದಲ್ಲಿ ಆ ಆರೋಪಗಳಲ್ಲಿ ಕೆಲವು ಸಾಬೀತಾಗಿಲ್ಲ ಎಂದಿತು. ನಡುವೆ 2024ರಲ್ಲಿ ಏರಿದ್ದ ಷೇರು ಆ ಹೊತ್ತಿಗೆ ಮತ್ತೆ 2,300ರ ಕೆಳಗಿತ್ತು. ನಾಯಕತ್ವದ ಬಗ್ಗೆ ಪೇಟೆ ಏನು ನಂಬುತ್ತದೆ ಎಂಬುದೂ ಬೆಲೆಯ ಒಂದು ಭಾಗ, ಆ ನಂಬಿಕೆ ಸರಿಯೋ ತಪ್ಪೋ ಆಮೇಲಿನ ಮಾತು.

ನಾಯಕತ್ವದ ಪರವಾಗಿ ನಿಜಕ್ಕೂ ಭಾರವಾದ ವಾದ ಸಿಮೆಂಟಿನಾಚೆ ಇದೆ. ಮೌಲ್ಯ ಎಣಿಸುವವನು ಎಣಿಸುವುದು ಲೆಕ್ಕಪತ್ರದಿಂದ. ಲೆಕ್ಕಪತ್ರ ಬರೆಸುವವರು ಕಂಪನಿ ನಡೆಸುವವರು. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಾವಿರಾರು ಕೋಟಿ ನಗದು ಇದೆ ಎಂದು ತೋರಿಸುತ್ತಿತ್ತು. 2009ರ ಜನವರಿ 7ರಂದು ರಾಮಲಿಂಗ ರಾಜು ಬರೆದ ಪತ್ರದಲ್ಲಿ ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದಿತ್ತು. ಅಂದೇ ಷೇರು ಮುಕ್ಕಾಲಿಗೂ ಹೆಚ್ಚು ಕುಸಿಯಿತು. ಅಗ್ಗ ಎಂದು ನಗದು ನೋಡಿ ಕೊಂಡವನ ಗಣಿತ ಸರಿಯಾಗಿಯೇ ಇತ್ತು, ಅಂಕಿಗಳು ಸುಳ್ಳು. ಮಜಾ ಎಂದರೆ ನಾಯಕತ್ವ ನೋಡಿ ಕೊಂಡವನೂ ಪಾರಾಗಲಿಲ್ಲ: ಅದರ ಹಿಂದಿನ ವರ್ಷವಷ್ಟೇ ಉತ್ತಮ ಆಡಳಿತಕ್ಕೆಂದು ಸತ್ಯಂಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಸಿಮೆಂಟಿನಲ್ಲೂ ಪ್ರಶಸ್ತಿಪತ್ರ ನಂಬಿ ಕೂರುವಂತಿಲ್ಲ. 2012ರಲ್ಲಿ ಸ್ಪರ್ಧಾ ಆಯೋಗ ಕೂಡಿಕೊಂಡು ದರ ಏರಿಸಿದರೆಂದು ಸಿಮೆಂಟ್ ಕಂಪನಿಗಳಿಗೆ 6,300 ಕೋಟಿಯಷ್ಟು ದಂಡ ಹಾಕಿದಾಗ ಪಟ್ಟಿಯಲ್ಲಿ ಎಸಿಸಿ, ಅಂಬುಜಾ, ಅಲ್ಟ್ರಾಟೆಕ್ ಇದ್ದವು. ಕಂಪನಿಗಳು ಒಪ್ಪಲಿಲ್ಲ, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕಲ್ಲೇ ಇಲ್ಲದ ಕಂಪನಿಯಲ್ಲಿ ಕಾಕಾನ ತಕ್ಕಡಿ ಕೆಲಸ ಮಾಡುವುದಿಲ್ಲ. ಇನ್ಫೊಸಿಸ್ 1993ರಲ್ಲಿ ಷೇರಿಗೆ 95 ರೂಪಾಯಿಯಂತೆ ಜನರ ಮುಂದೆ ಬಂದಾಗ ಕೊಳ್ಳುವವರು ಸಾಲದೆ ಹೋದರು. ಎಣಿಸಲು ಹೋದರೆ ಅಲ್ಲಿ ಏನಿತ್ತು? ಕಟ್ಟಡ, ಕಂಪ್ಯೂಟರ್, ನಾರಾಯಣ ಮೂರ್ತಿ ಮತ್ತು ಅವರ ಗೆಳೆಯರು. ಆ ಗೆಳೆಯರನ್ನು ನೋಡಿ ದುಡ್ಡು ಹಾಕಿದವರು ಬದುಕು ಬದಲಾಯಿಸಿಕೊಂಡರು. ಅಂಥ ಕಂಪನಿಯಲ್ಲಿ ನಾಯಕ ಎದ್ದು ಹೋದರೆ ಆ ದಿನವೇ ಗೊತ್ತಾಗುತ್ತದೆ: 2017ರ ಆಗಸ್ಟ್ 18ರಂದು ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟಾಗ ಷೇರು ಶೇ 10ರ ಹತ್ತಿರ ಬಿತ್ತು, ವಾರದೊಳಗೆ ನಂದನ್ ನಿಲೇಕಣಿಯವರನ್ನು ಕರೆತರಬೇಕಾಯಿತು. ಮಳಖೇಡದ ಕಾರ್ಖಾನೆಯ ವಿಷಯ ಬೇರೆ. 1995ರಲ್ಲಿ ಆದಿತ್ಯ ವಿಕ್ರಮ್ ಬಿರ್ಲಾ ತೀರಿಕೊಂಡು 28ರ ಹರೆಯದ ಮಗ ಕುಮಾರ ಮಂಗಳಂ ಕುರ್ಚಿಗೆ ಬಂದಾಗ, ಈ ಹುಡುಗ ನಿಭಾಯಿಸುವನೇ ಎಂದು ಅನುಮಾನಪಟ್ಟವರಿದ್ದರು. ಕಿಲ್ನ್ ಉರಿಯುತ್ತಿತ್ತು, ಹುಡುಗನಿಗೆ ಕಲಿಯಲು ಸಮಯ ಸಿಕ್ಕಿತು. (ಮಳಖೇಡಕ್ಕೆ ಇದು ಮೊದಲಲ್ಲ. ಇಲ್ಲಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ 814ರಲ್ಲಿ ಪಟ್ಟಕ್ಕೆ ಬಂದಾಗ ಅವನೂ ಹುಡುಗನೇ. ಗುಜರಾತಿನ ಕರ್ಕ ಬೆನ್ನಿಗೆ ನಿಂತು ರಾಜ್ಯ ಉಳಿಸಿಕೊಟ್ಟ, ಮುಂದೆ ಅರವತ್ತು ವರ್ಷ ಮೀರಿ ಆಳಿದ.)

ಅದೇ ಇನ್ಫೊಸಿಸ್‌ಗೆ ಇನ್ನೊಂದು ಮುಖವೂ ಇದೆ. 2000ದ ಮಾರ್ಚ್‌ನಲ್ಲಿ ಷೇರು ಉತ್ತುಂಗಕ್ಕೇರಿದಾಗ ಕೊಂಡವರು ಅಸಲು ಕಾಣಲು ವರ್ಷಗಟ್ಟಲೆ ಕಾದರು. ನಾಯಕರು ಆಗಲೂ ಅವರೇ.

ನನ್ನ ಅಭಿಪ್ರಾಯ ಕೇಳಿದರೆ, ಸಿಮೆಂಟಿನಂಥ ದಂಧೆಯಲ್ಲಿ ತೂಕ ಕಾಕಾನ ಕಡೆ ಸ್ವಲ್ಪ ಹೆಚ್ಚು. ನಾಯಕತ್ವವನ್ನು ನಾನು ಬೇಡದ್ದನ್ನು ಹೊರಗಿಡಲು ಬಳಸುತ್ತೇನೆ, ಹೆಚ್ಚು ಬೆಲೆ ಕೊಡಲು ಬಳಸುವುದಿಲ್ಲ. ಪ್ರವರ್ತಕರು ತಮ್ಮ ಷೇರುಗಳಲ್ಲಿ ಎಷ್ಟನ್ನು ಅಡವಿಟ್ಟಿದ್ದಾರೆ, ಸ್ವಂತದ ಬೇರೆ ಕಂಪನಿಗಳಿಗೆ ಸಾಲ ಕೊಟ್ಟಿದ್ದಾರೆಯೆ, ಲೆಕ್ಕಪರಿಶೋಧಕರು ಅವಧಿಗೆ ಮುಂಚೆ ಎದ್ದು ಹೋಗಿದ್ದಾರೆಯೆ, ಹತ್ತು ವರ್ಷದ ಲಾಭ ಎಲ್ಲಿಗೆ ಹೋಯಿತು. ಈ ನಾಲ್ಕೂ ವಾರ್ಷಿಕ ವರದಿಯಲ್ಲಿ ಮತ್ತು ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸುವ ಪಟ್ಟಿಯಲ್ಲಿ ಸಿಗುತ್ತವೆ. ಕೊನೆಯ ಪ್ರಶ್ನೆಯೊಂದೇ ಕೇಸೊರಾಮ್‌ನ ಕಥೆಯನ್ನು ಬಹಳ ಮೊದಲೇ ಹೇಳಿಬಿಡುತ್ತಿತ್ತು. ಇವುಗಳಲ್ಲಿ ಪಾಸಾದ ಮೇಲೆ ಇವರು ಎಷ್ಟು ಶ್ರೇಷ್ಠರು ಎಂಬ ವಾದ ನನಗೆ ಬೇಡ. ಟನ್ನಿಗೆ ಎಷ್ಟು, ಲಾಭದ ಎಷ್ಟು ಪಟ್ಟು ಎಂಬುದು ಸಾಕು. ಆದರೆ ಸಾಫ್ಟ್‌ವೇರ್ ಕಂಪನಿಗಾಗಲಿ ಬ್ಯಾಂಕಿಗಾಗಲಿ ಈ ಅಳತೆ ಹಿಡಿದು ಹೋದರೆ ಮೋಸ ಹೋಗುತ್ತೇನೆ ಎಂಬುದೂ ಗೊತ್ತು. ಹುಡುಗನ ವಯಸ್ಸಿನವರು, ಮೂವತ್ತು ವರ್ಷ ಕಾಯಬಲ್ಲವರು, ಒಳ್ಳೆಯ ನಾಯಕತ್ವಕ್ಕೆ ತುಸು ಹೆಚ್ಚೇ ಕೊಟ್ಟರೂ ಕಾಲ ಆ ಹೆಚ್ಚನ್ನು ತೀರಿಸಿಕೊಡಬಹುದು. ನಿವೃತ್ತಿಯ ದುಡ್ಡು ಹಿಡಿದು ಬಂದವರಿಗೆ ಆ ಅವಕಾಶವಿಲ್ಲ.

ಈ ಲೆಕ್ಕವನ್ನೆಲ್ಲ ಇನ್ನೊಮ್ಮೆ ಕಲಕುವ ತಾರೀಖೊಂದು ಮುಂದಿದೆ. ಕಾಕಾ ಕಲ್ಲು ಎಲ್ಲಿಗಿ ಹೋಗ್ತದ ಎಂದರಲ್ಲ, ಕಲ್ಲು ಹೋಗದಿದ್ದರೂ ಗುತ್ತಿಗೆ ಹೋಗಬಹುದು. ಗಣಿ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕಾರ್ಖಾನೆಯ ಸ್ವಂತ ಬಳಕೆಯ ಹಳೆಯ ಗಣಿಗುತ್ತಿಗೆಗಳು 2030ರ ಮಾರ್ಚ್ 31ರವರೆಗೆ, ಅಥವಾ ನವೀಕರಣದ ಅವಧಿ ಮುಗಿಯುವವರೆಗೆ, ಅಥವಾ ಗುತ್ತಿಗೆ ಕೊಟ್ಟಂದಿನಿಂದ 50 ವರ್ಷದವರೆಗೆ, ಯಾವುದು ಕೊನೆಗೆ ಬರುತ್ತದೋ ಅಲ್ಲಿಯವರೆಗೆ. ಆಮೇಲೆ ಹರಾಜು. ಈಗಿನ ಗುತ್ತಿಗೆದಾರನಿಗೆ ಹರಾಜಿನ ಅತಿ ಹೆಚ್ಚಿನ ದರಕ್ಕೆ ತಾನೇ ಉಳಿಸಿಕೊಳ್ಳುವ ಮೊದಲ ಹಕ್ಕಿದೆ, ಪುಕ್ಕಟೆ ಉಳಿಸಿಕೊಳ್ಳುವ ಹಕ್ಕಿಲ್ಲ. ಕಲ್ಲಿಗೆ ಎಷ್ಟು ಕೂಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಆಡಳಿತ ಮಂಡಳಿಯ ತೀರ್ಮಾನ. ಅತಿಯಾಗಿ ಕೂಗಿದರೆ ಟನ್ನಿನ ಲೆಕ್ಕ ಉಲ್ಟಾ, ಕೂಗದಿದ್ದರೆ ಕಿಲ್ನ್ ಇದ್ದು ಕಲ್ಲಿಲ್ಲ. ವಾಡಿಯ ಷೇರು ಕೊಳ್ಳುವವರೂ ಮಳಖೇಡದ ಷೇರು ಕೊಳ್ಳುವವರೂ ದರ ನೋಡುವ ಮುಂಚೆ ಯಾವ ಗಣಿಯ ಗುತ್ತಿಗೆ ಯಾವ ವರ್ಷಕ್ಕೆ ಮುಗಿಯುತ್ತದೆ ಎಂದು ಕಂಪನಿಯನ್ನು ಕೇಳಬೇಕು. ಷೇರುದಾರರ ವಾರ್ಷಿಕ ಸಭೆ ಈಗ ಮೊಬೈಲಿನಲ್ಲೇ ನಡೆಯುತ್ತದೆ, ಒಂದು ಷೇರು ಇದ್ದವರೂ ಮೊದಲೇ ಹೆಸರು ಕೊಟ್ಟು ಪ್ರಶ್ನೆ ಕೇಳಬಹುದು.